ತಲೆಬಾಗದ ಒಬ್ಬಳು



ಪುಣೆಯ ನಮ್ಮ ಬಳಗದ ಹಲವರು 2024ರ ‘ಡ್ಯೂನ್’ ಚಿತ್ರದ ಎರಡನೆಯ ಭಾಗವನ್ನು ನೋಡಿದ್ದೇವೆ. ಮೂಲ, ಫ್ರ್ಯಾಂಕ್ ಹರ್ಬರ್ಟರ 1965ರ ಕಾದಂಬರಿ. ಹನಿ ನೀರಿಗೂ ಲೆಕ್ಕವಿಡುವ ಮರುಭೂಮಿಯ ಜನ ಪಾಲ್ ಎಂಬ ತರುಣನನ್ನು ಉದ್ಧಾರಕನೆಂದು ನಂಬುತ್ತಾರೆ. ಆ ನಂಬಿಕೆಯನ್ನು ಅವರಲ್ಲಿ ಹಿಂದೆಯೇ ಬಿತ್ತಿದವರು ಹೊರಗಿನವರು.

ಕಾದಂಬರಿಯಲ್ಲಿ ಅವನ ಪ್ರಿಯೆ ಚಾನಿ ಕಡೆಯವರೆಗೂ ಜೊತೆಗಿರುತ್ತಾಳೆ. ಚಿತ್ರದಲ್ಲಿ ಉಳಿದವರು ಮಂಡಿಯೂರಿದಾಗ ಅವಳು ನಿಂತೇ ಇದ್ದು, ಹೊರಟುಹೋಗುತ್ತಾಳೆ. ಕಥೆ ಕೆಟ್ಟಿತೆಂದು ಕೆಲವರ ದೂರು. ನಮಗೆ ಹಾಗೆನ್ನಿಸದು. ಉದ್ಧಾರಕನ ಹೆಸರಿನಲ್ಲಿ ಕೋಟ್ಯನುಕೋಟಿ ಜನ ಸತ್ತದ್ದನ್ನು ಹರ್ಬರ್ಟರೇ 1969ರ ಮುಂದಿನ ಕಾದಂಬರಿಯಲ್ಲಿ ಹೇಳಿದ್ದಾರೆ. ಚಾನಿಯ ನಡೆ ಅದರ ಮುನ್ಸೂಚನೆ.

ಸಂಘದಲ್ಲೂ ಗಿರಣಿಯಲ್ಲೂ ಸಭೆ ಕೂಡುವ ನಮಗೆ ಇದು ದೂರದ ಕಥೆಯಲ್ಲ. ಎಲ್ಲರೂ ಕೈಯೆತ್ತಿದಾಗ ‘ಸ್ವಲ್ಪ ತಾಳಿ’ ಎನ್ನುವವರು ಒಬ್ಬರಾದರೂ ಬೇಕು.