ಮನೆಯನ್ನೇ ಗಾಡಿಗೆ ಏರಿಸಿ ಕಾಳಿ ನದಿಯ ದಂಡೆಗೆ



ಪ್ರವಾಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದಾಗ ನನಗೆ ಹೊಳೆದದ್ದು ಈ ಡಿಸೆಂಬರಿಗೆ ನಾವು ಹಾಕಿಕೊಂಡಿರುವ ದಾಂಡೇಲಿ ಪ್ರವಾಸ. ಹೋಗಿ ಬಂದು ಫೋಟೋ ತೋರಿಸುವವರು ಬಹಳ ಜನ ಇದ್ದಾರೆ, ಹೋಗುವ ಮುಂಚಿನ ತಯಾರಿ ಹೇಳುವವರು ಕಡಿಮೆ. ಮನೆಯಲ್ಲಿ ಆ ತಯಾರಿ ಯಾರ ಪಾಲಿಗೆ ಬರುತ್ತದೆ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ!

ನಾವು ಹೋಗುತ್ತಿರುವುದು ಕ್ಯಾರವಾನ್‌ನಲ್ಲಿ. ಟೆಂಪೊ ಟ್ರಾವೆಲರ್ ಗಾಡಿಯೊಳಗೇ ಮಲಗಲು ಹಾಸಿಗೆ, ಸಣ್ಣ ಅಡುಗೆಕಟ್ಟೆ, ಶೌಚಾಲಯ ಎಲ್ಲ ಮಾಡಿರುತ್ತಾರೆ. ಅಮೆರಿಕದಲ್ಲಿರುವ ನಮ್ಮವರು ಆರ್‌ವಿ ಅನ್ನುವುದು ಇದಕ್ಕೇ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು. ಪುಣೆಯಲ್ಲಿ ಚಾಲಕರ ಸಮೇತ ಬಾಡಿಗೆಗೆ ಸಿಗುತ್ತದೆ.

"ಇದೆಲ್ಲ ಶ್ರೀಮಂತರ ಷೋಕಿ ಅಲ್ವೇನೇ?" ಅಂದಳು ನಮ್ಮ ಸೊಸೈಟಿಯ ಗೆಳತಿ. ಷೋಕಿ ಅಲ್ಲ. ಕಾರಣ ನಮ್ಮ ಅತ್ತೆಯವರು.

ಅವರಿಗೆ 76 ವರ್ಷ. ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಹಳೇ ಸೂಪಾದಲ್ಲಿ, ಕಾಳಿ ಮತ್ತು ಪಾಂಡರಿ ನದಿಗಳು ಕೂಡುವ ಕಡೆ. ಮದುವೆಯಾಗಿ ಧಾರವಾಡಕ್ಕೆ ಬಂದರು. ಆಮೇಲೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಮನೆ, ಗದ್ದೆ, ಪೇಟೆ ಎಲ್ಲ ಹಿನ್ನೀರಿನ ಪಾಲಾಯಿತು. ಬಹಳಷ್ಟು ಕುಟುಂಬಗಳಿಗೆ ರಾಮನಗರದಲ್ಲಿ ಪುನರ್ವಸತಿ ಆಯಿತು. "ಎಲ್ಲಾರ ತವರು ಊರಾಗ ಇರತೈತಿ, ನಂದು ನೀರಾಗ ಐತಿ" ಅಂತ ನಗುತ್ತಲೇ ಹೇಳುತ್ತಾರೆ. ಆ ನೀರನ್ನು ಒಮ್ಮೆ ನೋಡಬೇಕು ಅನ್ನುವುದು ಅವರ ಆಸೆ. ಆದರೆ ಹೊರಡೋಣ ಅಂದಾಗಲೆಲ್ಲ, "ನೀವು ಹೋಗಿ ಬರ್ರಿ, ನನಗೆಲ್ಲಿ ಆಗತೈತಿ" ಅನ್ನುತ್ತಿದ್ದರು. ನಾಲ್ಕು ವರ್ಷ ಇದೇ ಮಾತು.

ಒಂದು ಮಧ್ಯಾಹ್ನ ಸೊಪ್ಪು ಸೋಸುತ್ತಾ ಕೂತಾಗ ನಿಜ ಹೇಳಿದರು. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಹೆದ್ದಾರಿಯ ಶೌಚಾಲಯಗಳ ಸ್ಥಿತಿ ನಿಮಗೆ ಗೊತ್ತೇ ಇದೆ. "ಮಂದಿ ಮುಂದ ಗಾಡಿ ನಿಲ್ಲಸ್ರಿ ಅನ್ನಾಕ ನಾಚಿಕಿ ಬರತೈತವಾ." ಅದಕ್ಕೇ ಪ್ರಯಾಣ ಇದ್ದ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲವಂತೆ. ಗೆಳತಿಯರೇ, ಇದು ಎಪ್ಪತ್ತಾರರವರ ಕಥೆ ಮಾತ್ರವಲ್ಲ. ಊರಿಗೆ ಹೋಗುವ ಬಸ್ಸು ಹತ್ತುವ ಮುಂಚೆ ನಮ್ಮಲ್ಲಿ ಎಷ್ಟು ಜನ ನೀರು ಬಿಡುತ್ತೇವೆ?

ಇನ್ನು ತಯಾರಿಯ ಮಾತು. ನಿಮಗೂ ಉಪಯೋಗಕ್ಕೆ ಬರಲಿ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ದಾರಿ. ವಾಕಡದಿಂದ ಹೆದ್ದಾರಿ ಹಿಡಿದು ಸಾತಾರಾ, ಕೊಲ್ಹಾಪುರ, ಬೆಳಗಾವಿ. ಅಲ್ಲಿಂದ ಖಾನಾಪುರ, ಅಳ್ನಾವರ, ಹಳಿಯಾಳದ ಮೇಲೆ ದಾಂಡೇಲಿ. ಒಟ್ಟು ಸುಮಾರು 430 ಕಿಲೋಮೀಟರ್. ಕ್ಯಾರವಾನ್ ಎತ್ತರದ ಗಾಡಿ, ಖಂಬಾಟಕಿಯಂಥ ಘಾಟಿನಲ್ಲಿ ನಿಧಾನವಾಗಿಯೇ ಹೋಗಬೇಕು. ಹಾಗಾಗಿ ಎರಡು ದಿನದ ಪ್ರಯಾಣ ಮಾಡಿದ್ದೇವೆ. ಮೊದಲ ರಾತ್ರಿ ಬೆಳಗಾವಿಯಲ್ಲಿ ನಾದಿನಿಯ ಮನೆ. ಗಾಡಿ ಓಡುವಾಗ ಹಾಸಿಗೆಯ ಮೇಲೆ ಯಾರೂ ಮಲಗುವ ಹಾಗಿಲ್ಲ, ಎಲ್ಲರೂ ಬೆಲ್ಟ್ ಹಾಕಿ ಕೂರಬೇಕು. ಅತ್ತೆಯವರಿಗೆ ಬೇಕಾದಾಗ ಗಾಡಿ ಪಕ್ಕಕ್ಕೆ ನಿಲ್ಲುತ್ತದೆ, ಬಾಗಿಲು ಒಳಗಿನಿಂದಲೇ ಮುಚ್ಚುತ್ತದೆ. ಬಾಡಿಗೆ ಗಾಡಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಮತ್ತು ವಿಮೆ ಇದೆಯೇ ಅಂತ ಕಾಗದ ಕೇಳಿ ನೋಡಿ.

ಎರಡನೆಯದು, ತಂಗುವ ಜಾಗ. ನದಿ ಕಂಡಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರೇ ಬಂತು. ಹಾಗಾಗಿ ಕಾಡಿನ ಹೊರಗೆ, ಗೇಟು ಇರುವ ಕ್ಯಾಂಪಿನಲ್ಲೇ ಉಳಿಯಬೇಕು. ಫೋನಿನಲ್ಲಿ ಎಲ್ಲರೂ "ಬರ್ರಿ, ಜಾಗ ಐತಿ" ಅನ್ನುತ್ತಾರೆ. ನಾನು ಐದು ಪ್ರಶ್ನೆ ಬರೆದಿಟ್ಟುಕೊಂಡೆ. ಇಷ್ಟು ಎತ್ತರದ ಗಾಡಿ ಗೇಟಿನಲ್ಲಿ ಹಿಡಿಯುತ್ತದೆಯೇ? ನೆಲ ಸಮತಟ್ಟಾಗಿ, ಗಟ್ಟಿಯಾಗಿ ಇದೆಯೇ? 15 ಆಂಪಿಯರ್ ಪ್ಲಗ್ ಹತ್ತಿರ ಇದೆಯೇ? ಟ್ಯಾಂಕಿಗೆ ನೀರು ಸಿಗುತ್ತದೆಯೇ? ಚಾಲಕರು ಎಲ್ಲಿ ಮಲಗುತ್ತಾರೆ? ಐದಕ್ಕೂ ಸರಿಯಾದ ಉತ್ತರ ಕೊಟ್ಟದ್ದು ಮೂರನೆಯ ಕ್ಯಾಂಪು.

ಮೂರನೆಯದು, ನದಿ. ಕಾಳಿ ಶಾಂತವಾಗಿ ಕಾಣುತ್ತಾಳೆ. ಆದರೆ ಮೇಲೆ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಟ್ಟ ಒಮ್ಮೆಲೇ ಏರುತ್ತದೆ. ದಾಂಡೇಲಿ ಸುತ್ತ ಮೊಸಳೆಗಳೂ ಇವೆ. ಮಕ್ಕಳಿಗೆ ದಂಡೆಯಲ್ಲಿ ಕೂತು ಮಂಗಟ್ಟೆ ಹಕ್ಕಿ ನೋಡಲು ಮಾತ್ರ ಅನುಮತಿ. ಕಾಡಂಚಿನಲ್ಲಿ ಉಣ್ಣೆಗಳ ಕಾಟ ಇರುವುದರಿಂದ ತುಂಬುತೋಳಿನ ಅಂಗಿ, ಸಾಕ್ಸು ಕಡ್ಡಾಯ.

ನಾಲ್ಕನೆಯದು, ಯಾರೂ ಕೇಳದ ವಿಷಯ. ಗಾಡಿಯ ಶೌಚದ ತೊಟ್ಟಿ ಸುಮಾರು 20 ಲೀಟರಿನದು. ಅದಕ್ಕೆ ಕ್ಯಾಸೆಟ್ ಅನ್ನುತ್ತಾರೆ. ದಿನಾ ಖಾಲಿ ಮಾಡಬೇಕು. ಕಾಡಿನಲ್ಲಿ, ಹಳ್ಳದಲ್ಲಿ ಸುರಿಯುವುದು ಪಾಪದ ಕೆಲಸ. ನದಿಯ ಕೆಳಗೆ ಊರುಗಳಿವೆ, ಜನರಿದ್ದಾರೆ. ಕ್ಯಾಂಪಿನ ಶೌಚಾಲಯದಲ್ಲೇ ಹಾಕಲು ಅವರಿಂದ ಮೆಸೇಜಿನಲ್ಲಿ ಒಪ್ಪಿಗೆ ತರಿಸಿಕೊಂಡಿದ್ದೇನೆ. ಗಾಡಿಯದು ಅತ್ತೆಯವರಿಗೆ ಮತ್ತು ರಾತ್ರಿ ಹೊತ್ತಿಗೆ ಮಾತ್ರ, ಉಳಿದವರೆಲ್ಲ ಕ್ಯಾಂಪಿನದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಾದಲಿ ನನ್ನ ಜವಾಬ್ದಾರಿ. ಕ್ಯಾಸೆಟ್ ಖಾಲಿ ಮಾಡುವುದು ನಮ್ಮ ಮನೆಯವರದು. ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ!

ಖರ್ಚು ಕಾರಿಗಿಂತ ಜಾಸ್ತಿ, ನಿಜ. ಎಲ್ಲರಿಗೂ ಕ್ಯಾರವಾನ್ ಬೇಕಾಗಿಲ್ಲ. ಮಡಚುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಬಟ್ಟೆ ಬದಲಿಸುವ ಸಣ್ಣ ಟೆಂಟು ಇದ್ದರೆ ಕಾರಿನಲ್ಲೂ ನಡೆಯುತ್ತದೆ. ಗಂಟೆಗೊಂದು ನಿಲುಗಡೆಯನ್ನು ಮೊದಲೇ ಬರೆದಿಟ್ಟರೆ ಹಿರಿಯರು ಬಾಯಿಬಿಟ್ಟು ಕೇಳುವ ಮುಜುಗರವೂ ಇರುವುದಿಲ್ಲ. ಮೂತ್ರದ ತೊಂದರೆಗೆ ವೈದ್ಯರಲ್ಲಿ ಚಿಕಿತ್ಸೆಯೂ ಇದೆ, ವಯಸ್ಸಾಯಿತು ಅಂತ ಸುಮ್ಮನೆ ಬಿಡಬೇಡಿ.

ಅತ್ತೆಯವರು ಈಗಾಗಲೇ ಒಂದು ಚೀಲ ಕಟ್ಟಿಟ್ಟಿದ್ದಾರೆ. ಅದರಲ್ಲಿ ಇಳಕಲ್ ಸೀರೆ, ಖಣ, ಕಾಯಿ, ಅರಿಶಿನ ಕುಂಕುಮ. ಗಂಗವ್ವನಿಗೆ ಉಡಿ ತುಂಬಬೇಕಂತೆ. ಅರಿಶಿನ ಕುಂಕುಮ ಏರಿಸಿ, ಖಣವನ್ನು ನೀರಿಗೆ ಬಿಡದೆ ಅಲ್ಲಿಯ ಯಾರಾದರೂ ಹೆಣ್ಣುಮಗಳಿಗೆ ಕೊಡುವುದು ಅಂತ ಅವರೇ ನಿರ್ಧರಿಸಿದ್ದಾರೆ.

ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ "ನಾನು ಬರಲ್ಲ, ನೀವು ಹೋಗಿ ಬನ್ನಿ" ಅಂದರೆ, ಯಾಕೆ ಅಂತ ಇನ್ನೊಂದು ಸಲ ಕೇಳಿ, ಅದೂ ನಾಲ್ಕು ಜನರ ಎದುರಲ್ಲದೆ, ಒಬ್ಬರೇ ಇದ್ದಾಗ. ಉತ್ತರ ಸಿಕ್ಕರೆ ಪ್ರವಾಸದ ಅರ್ಧ ತಯಾರಿ ಮುಗಿದಂತೆ.