ಹಾಡುಗಾರರೂ ಕರಾರುಪತ್ರವೂ



ಪುತ್ತರಿಯ ದಿನಗಳಲ್ಲಿ ಕೊಡಗಿನ ಊರುಗಳಲ್ಲಿ ನಾಲ್ವರು ದುಡಿಗಳನ್ನು ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವುದನ್ನು ಕಂಡವರು ಮರೆಯಲಾರರು. ಆ ಹಾಡು ಯಾರ ಸ್ವತ್ತೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದು ಅಜ್ಜನಿಂದ ಮೊಮ್ಮಗನಿಗೆ ಬಂದುದು. ಆದರೆ ಧ್ವನಿಮುದ್ರಣದ ಕಂಪೆನಿಯೊಂದು ಅದೇ ನಾಲ್ವರನ್ನು ಕರೆಯಿಸಿ, ಹಾಡಿಸಿ, ಕರಾರುಪತ್ರವನ್ನು ಮುಂದಿಟ್ಟಾಗ ಈ ಪ್ರಶ್ನೆ ಏಳುತ್ತದೆ. ಅದನ್ನು ವಿಚಾರಿಸದೆ ರುಜು ಹಾಕುವವರಿಗೆ ಒದಗಬಹುದಾದ ತೊಡಕುಗಳನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಒಂದು ಧ್ವನಿಮುದ್ರಿಕೆಯಲ್ಲಿ ಮೂರು ಬಗೆಯ ಹಕ್ಕುಗಳು ಸೇರಿಕೊಂಡಿರುತ್ತವೆ. ಸಾಹಿತ್ಯವೂ ಅದರ ಧಾಟಿಯೂ ಮೊದಲನೆಯದು; ಹಾಡಿದವರ ಗಾಯನ ಎರಡನೆಯದು; ಮುದ್ರಿಕೆ ಮೂರನೆಯದು. ನಮ್ಮ ದೇಶದ 1957ನೆಯ ಇಸವಿಯ ಕೃತಿಸ್ವಾಮ್ಯ ಶಾಸನದಂತೆ ಮುದ್ರಿಕೆಯ ಹಕ್ಕು ಅದನ್ನು ತಯಾರಿಸಿದವರಿಗೆ 60 ವರ್ಷ, ಗಾಯಕರ ಹಕ್ಕು ಗಾಯಕರಿಗೆ 50 ವರ್ಷ, ಕವಿಯ ಹಕ್ಕು ಆತನ ಜೀವಮಾನವೂ ಅನಂತರದ 60 ವರ್ಷಗಳೂ ಇರುತ್ತವೆ. ಪರಂಪರೆಯ ಹಾಡಿಗಾದರೋ ಒಬ್ಬ ಒಡೆಯನಿಲ್ಲ. ನಡಿಕೇರಿಯಂಡ ಚಿನ್ನಪ್ಪನವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು, 1931ರಲ್ಲಿ ದಿವಂಗತರಾದರು. ಆ ಹಾಡುಗಳನ್ನು ಇಂದು ಯಾರು ಬೇಕಾದರೂ ಹಾಡಬಹುದು.

ಹೀಗಿರುವಲ್ಲಿ "ಈ ಹಾಡುಗಳ ಸಮಸ್ತ ಹಕ್ಕುಗಳನ್ನೂ ಕಂಪೆನಿಗೆ ವಹಿಸಿಕೊಟ್ಟಿದ್ದೇವೆ" ಎಂಬ ವಾಕ್ಯಕ್ಕೆ ರುಜು ಹಾಕುವುದು ತಮ್ಮದಲ್ಲದ್ದನ್ನು ಕೊಟ್ಟಂತೆ. ಮುಂದೆ ಬೇರೊಂದು ಒಕ್ಕದವರು ಅದೇ ಹಾಡನ್ನು ತಾವೇ ಹಾಡಿ ಅಂತರ್ಜಾಲದಲ್ಲಿ ಇಟ್ಟರೆ, ಕಂಪೆನಿಯು ಈ ಪತ್ರವನ್ನು ತೋರಿಸಿ ಅದನ್ನು ತೆಗೆಸಲು ಯತ್ನಿಸಬಹುದು. ಹಾಡು ತಮ್ಮ ಸ್ವಂತ ರಚನೆಯೆಂದು ಬರೆದುಕೊಟ್ಟವರು ವ್ಯಾಜ್ಯ ಬಂದಾಗ ನಷ್ಟವನ್ನು ತುಂಬಿಕೊಡಬೇಕಾಗಬಹುದು. ಆದುದರಿಂದ "ಹಾಡು ಪರಂಪರೆಯದು, ಕಂಪೆನಿಗೆ ಈ ಮುದ್ರಿಕೆಯ ಮೇಲೆ ಮಾತ್ರ ಹಕ್ಕು" ಎಂದು ಸ್ಪಷ್ಟವಾಗಿ ಬರೆಯಿಸಬೇಕು.

ಎರಡನೆಯ ತೊಡಕು ಕಾಲ ಮತ್ತು ದೇಶಗಳದು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಶಾಸನ ಭಾವಿಸುತ್ತದೆ. ಹಕ್ಕನ್ನು ಪಡೆದವರು ಒಂದು ವರ್ಷದೊಳಗೆ ಉಪಯೋಗಿಸದಿದ್ದರೆ ಅದು ಬಿದ್ದುಹೋಗುತ್ತದೆ. ಆದರೆ ಈ ರಕ್ಷಣೆಗಳೆಲ್ಲ ಪತ್ರವು ಮೌನವಾಗಿರುವೆಡೆಯಲ್ಲಿ ಮಾತ್ರ. "ಶಾಶ್ವತವಾಗಿ, ವಿಶ್ವದಾದ್ಯಂತ" ಎಂದು ಬರೆದಿದ್ದರೆ ಬರೆದದ್ದೇ ನಿಲ್ಲುತ್ತದೆ.

ಮೂರನೆಯದು ಹಣದ ವಿಷಯ. 1977ರಲ್ಲಿ ಸುಪ್ರೀಂ ಕೋರ್ಟು ಚಲನಚಿತ್ರದ ಹಾಡುಗಳ ಮೊಕದ್ದಮೆಯೊಂದರಲ್ಲಿ, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕನು ಹಣಕೊಟ್ಟು ಬರೆಯಿಸಿದ ಹಾಡಿನ ಹಕ್ಕು ನಿರ್ಮಾಪಕನದೇ ಎಂದು ತೀರ್ಪಿತ್ತಿತು. ಕವಿಗಳೂ ಸಂಗೀತಗಾರರೂ ಬಹುಕಾಲ ಹೋರಾಡಿದ ಮೇಲೆ 2012ರ ತಿದ್ದುಪಡಿಯಾಯಿತು. ಮುದ್ರಿಕೆಯಲ್ಲಿ ಸೇರಿದ ಸ್ವಂತ ಸಾಹಿತ್ಯ ಸಂಗೀತಗಳಿಗೆ ಬರುವ ರಾಯಲ್ಟಿಯ ಸಮಪಾಲನ್ನು ಕರ್ತೃವು ಈಗ ಕಂಪೆನಿಗೆ ಬಿಟ್ಟುಕೊಡುವಂತಿಲ್ಲ. ಗಾಯನವು ವ್ಯಾಪಾರಕ್ಕೆ ಬಳಕೆಯಾದಾಗ ಗಾಯಕರಿಗೂ ರಾಯಲ್ಟಿ ಸಲ್ಲಬೇಕು. ಆದರೂ ಮುಂಗಡವನ್ನೂ ಮುದ್ರಣದ ವೆಚ್ಚವನ್ನೂ ಮುರಿದುಕೊಂಡ ಮೇಲೆ ಏನುಳಿಯುವುದೆಂಬುದು ಲೆಕ್ಕಪತ್ರದಿಂದಲೇ ತಿಳಿಯಬೇಕು. ವರ್ಷಕ್ಕೊಮ್ಮೆಯಾದರೂ ಲೆಕ್ಕ ಒಪ್ಪಿಸುವ ಷರತ್ತನ್ನು ಕೇಳಿ ಬರೆಯಿಸುವುದು ಸಂಕೋಚದ ವಿಷಯವಲ್ಲ.

ಕೊನೆಯದಾಗಿ, ದುಡಿ ಬಾರಿಸುತ್ತ ಹಾಡುವವರು ನಾಲ್ವರು, ನಾಲ್ವರೂ ಕಲಾವಿದರೇ. ಒಬ್ಬನು ಮಾತ್ರ ರುಜು ಹಾಕಿ ಹಣ ಪಡೆದರೆ ಉಳಿದ ಮೂವರ ಒಪ್ಪಿಗೆ ದೊರೆತಂತಾಗುವುದಿಲ್ಲ. ಮನಸ್ತಾಪ ಮಾತ್ರ ಉಳಿಯುತ್ತದೆ. ಇಷ್ಟು ವರ್ಷ ಬೇರೆಯವರಿಗಾಗಿ ಹಾಡಕೂಡದೆಂಬ ಷರತ್ತಿದ್ದರೆ, ಊರ ಹಬ್ಬ, ಮದುವೆ, ಸಾವುಗಳಲ್ಲಿ ಹಾಡುವುದಕ್ಕೆ ಅದು ಅನ್ವಯಿಸದೆಂದು ಸೇರಿಸಬೇಕು.

ಕಂಪೆನಿಗಳನ್ನು ಶತ್ರುಗಳೆಂದು ನಾವು ಹೇಳುತ್ತಿಲ್ಲ. ಅವರ ಮುದ್ರಿಕೆಗಳಿಂದಲೇ ಎಷ್ಟೋ ಕಂಠಗಳು ಉಳಿದಿವೆ. ಆದರೆ ಮುದ್ರಣದ ಕೊಠಡಿಯಲ್ಲಿಯೇ ಅವಸರದಿಂದ ರುಜು ಹಾಕಬೇಡಿರಿ. ಪತ್ರವನ್ನು ಮನೆಗೆ ತಂದು ನಾಲ್ವರೂ ಕೂಡಿ ಓದಿರಿ. ತಿಳಿದ ವಕೀಲರಿಗೆ ತೋರಿಸಿರಿ. ರುಜುವಾದ ಮೇಲೆ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಮುಂದಿನ ಪುತ್ತರಿಗೆ ನಿಮ್ಮ ಮಕ್ಕಳು ಅಂಜಿಕೆಯಿಲ್ಲದೆ ಅದೇ ಹಾಡನ್ನು ಹಾಡುವಂತಾಗಲಿ.