ಬಾವು ಇಳಿದರೆ ಸಾಲದು



ಶಾಲಾ ವಯಸ್ಸಿನ ಮಕ್ಕಳಿಗೆ ಬರುವ ಮೂತ್ರಪಿಂಡದ ತೀವ್ರ ಉರಿಯೂತ ಮತ್ತು ಅದರಿಂದ ಚೇತರಿಸಿಕೊಳ್ಳುವ ಬಗೆ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಮೂತ್ರಪಿಂಡವೆಂದರೆ ನಮ್ಮ ಮನೆಗಳಲ್ಲಿ ‘ಗುರ್ದಾ’ ಎನ್ನುವ ಅಂಗ.

ಒಂದೊಂದು ಗುರ್ದಾದಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಗಂಟಲು ನೋವು, ಕೀವುಗಟ್ಟಿದ ಕಜ್ಜಿ ತರುವ ಸ್ಟ್ರೆಪ್ಟೊಕಾಕಸ್ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಕೆಲವೊಮ್ಮೆ ಈ ಜರಡಿಗಳಿಗೇ ತೊಂದರೆ ಕೊಡುತ್ತವೆ. ಗಂಟಲು ನೋವು ಬಂದ 1ರಿಂದ 3 ವಾರಗಳಲ್ಲಿ, ಚರ್ಮದ ಹುಣ್ಣಾದರೆ 3ರಿಂದ 6 ವಾರಗಳಲ್ಲಿ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಬಾವು ಕಾಣುತ್ತದೆ. ಮೂತ್ರ ಕಡಿಮೆಯಾಗಿ ರಕ್ತದೊತ್ತಡ ಏರುತ್ತದೆ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ತೀವ್ರ ತಲೆನೋವು, ಉಸಿರಾಟದ ತೊಂದರೆ, ಫಿಟ್ಸ್ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಸಮಾಧಾನದ ಸಂಗತಿಯೆಂದರೆ, ಬಹುಪಾಲು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಆದರೆ ಒಂದೆರಡು ವಾರದಲ್ಲಿ ಬಾವು ಇಳಿದು ಮಗು ಶಾಲೆಗೆ ಬಂದ ಕೂಡಲೇ ಆಸ್ಪತ್ರೆಯ ಚೀಟಿ ಕಪಾಟು ಸೇರುತ್ತದೆ. ಇದು ಸರಿಯಲ್ಲ. ಕಣ್ಣಿಗೆ ಕಾಣದ ರಕ್ತಕಣಗಳು ಮೂತ್ರದಲ್ಲಿ ಕೆಲವು ತಿಂಗಳು, ಕೆಲವರಲ್ಲಿ ಒಂದು ವರ್ಷದವರೆಗೂ ಉಳಿಯಬಹುದು. ಅದಕ್ಕೆ ಗಾಬರಿ ಬೇಡ. ಆದರೆ ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಲೇ ಇದ್ದರೆ, ರಕ್ತದೊತ್ತಡ ಇಳಿಯದಿದ್ದರೆ ಹೆಚ್ಚಿನ ತಪಾಸಣೆ ಬೇಕು. ಇದು ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಬಾವಿಗೂ ಮೂತ್ರಪಿಂಡಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಬರೆದ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್, ಮೂತ್ರವನ್ನು ಚಮಚದಲ್ಲಿ ಕಾಯಿಸಿ ಪ್ರೊಟೀನ್ ಗುರುತಿಸುತ್ತಿದ್ದರು. ಇಂದು ಅದಕ್ಕೆ ಒಂದು ಸಣ್ಣ ಪಟ್ಟಿ ಸಾಕು.

ಇನ್ನು ಪಥ್ಯ, ಅಂದರೆ ಪರ್ಹೇಜ್. ಬಾವು ಇರುವಾಗ ಉಪ್ಪು ಕಡಿಮೆ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ‘ನೀರು ಜಾಸ್ತಿ ಕುಡಿಸಿ’ ಎಂದು ನೆರೆಹೊರೆಯವರು ಹೇಳುತ್ತಾರೆ. ಮೂತ್ರದ ಕಲ್ಲಿಗೆ ಆ ಮಾತು ಸರಿ, ಇಲ್ಲಿ ಅಲ್ಲ. ನೀರನ್ನು ವೈದ್ಯರು ಹೇಳಿದಷ್ಟೇ ಕೊಡಿ. ಮೂತ್ರ ಕಡಿಮೆ ಇರುವಾಗ ಎಳನೀರನ್ನೂ ಕೇಳದೆ ಕುಡಿಸಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಿಸಬೇಡಿ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಚೇತರಿಸಿಕೊಳ್ಳುತ್ತಿರುವ ಮಗು ಮೂತ್ರಕ್ಕೆ ಹೋಗಬೇಕೆಂದು ಕೇಳಿದರೆ ತಡೆಯಬೇಡಿ. ಓಟ, ಕವಾಯತಿಗೆ ಒತ್ತಾಯಿಸಬೇಡಿ. ತಪಾಸಣೆಗೆಂದು ರಜೆ ಕೇಳಿದರೆ ಹಾಜರಿಯ ನೆಪ ಹೇಳಬೇಡಿ. ತಪ್ಪಿದ ಪಾಠವನ್ನು ನಾವು ಮತ್ತೊಮ್ಮೆ ಹೇಳಿಕೊಡಬಹುದು.

ಪೋಷಕರೇ, ವೈದ್ಯರು ‘ಇನ್ನು ಬರಬೇಕಾಗಿಲ್ಲ’ ಎನ್ನುವವರೆಗೆ ಆ ಚೀಟಿ ನಿಮ್ಮ ಕೈಯಲ್ಲೇ ಇರಲಿ.